ಗೋದಾಮಿನ ನಡುವಿನ ದಾರಿ

ಹೊನ್ನಾವರ, ಮಂಗಳವಾರ

ದೊಡ್ಡೇರಿಯ ನಾಗಕ್ಕ ದೊಡ್ಡಮ್ಮನಿಗೆ ರಾಧಾಮಣಿಯ ನಮಸ್ಕಾರ.

ಶಿರಾದಲ್ಲಿ ಕಡಲೆಕಾಯಿ ಮಂಡಿ ಇಟ್ಟಿರುವ ಜಯರಾಮಣ್ಣ ಇಲ್ಲಿ ಕಡಲಂಚಿನ ಹಳೇ ಗೋದಾಮು ಕೊಂಡಿದ್ದಾರೆ. ಅದನ್ನು ಹೋಟೆಲು ಮಾಡಲು ನಕ್ಷೆ ಬರೆಯುತ್ತಿರುವವಳು ನಾನು. ನಿನ್ನೆ ಗೋಡೆ ಅಳೆಯುತ್ತಿದ್ದಾಗ ಮೀನುಗಾರರು ಒಬ್ಬ ಅಜ್ಜಿಯ ಶವ ಹೊತ್ತು ಮುಂಬಾಗಿಲಲ್ಲಿ ಬಂದು ಹಿಂಬಾಗಿಲಿಂದ ಸಮುದ್ರದ ಕಡೆ ಹೋದರು. ಸುಡುವ ಜಾಗಕ್ಕೆ ಅವರಿಗೆ ಅಜ್ಜನ ಕಾಲದಿಂದಲೂ ಇದೊಂದೇ ದಾರಿಯಂತೆ. ನನ್ನ ನಕ್ಷೆಯಲ್ಲಿ ಅಲ್ಲಿ ಅಡುಗೆಮನೆ ಇತ್ತು. ಟೇಪು ಸುತ್ತಿಟ್ಟು ಗೋಡೆಗೆ ಒರಗಿ ನಿಂತುಬಿಟ್ಟೆ.

"ಈ ದಾರಿ ಮುಚ್ಚೋದಾದ್ರೆ ನಾನ್ ನಕ್ಷೆ ಬರ್ಯಾಕಿಲ್ಲ ಕಣಣ್ಣ" ಎಂದು ಜಯರಾಮಣ್ಣನಿಗೆ ಹೇಳಿದೆ.

"ಉಣ್ಣೋರ ಮುಂದೆ ಹೆಣ ಹೋದ್ರೆ ಯಾರವ್ವಾ ಬತ್ತಾರೆ?" ಅಂದವರು ಹಿಂಬಾಗಿಲವರೆಗೆ ನಡೆದು ಆ ದಾರಿ ನೋಡಿಕೊಂಡು ಬಂದರು. ಆಮೇಲೆ, "ನಮ್ಮವ್ವನ್ನ ಹೊತ್ಕಂಡು ಹೋಗೋವಾಗ ಹೈವೇಲಿ ಲಾರಿಗಳೇ ನಿಂತು ದಾರಿ ಬುಟ್ಟಿದ್ವು. ಅಡುಗೆಮನೆ ಅತ್ಲಾಗೆ ತಳ್ಳು, ಇದು ಇರ್ಲಿ ಬುಡು" ಅಂದರು.

ಉಪ್ಪುಗಾಳಿಗೆ ನನಗೆ ಕೆಮ್ಮು ಹಿಡಿದಿದೆ, ಜ್ವರವಿಲ್ಲ, ಗಾಬರಿಯಾಗಬೇಡ. ಕಲ್ಲು ಹಾಸುವವರು ಬಂದರು. ನಾಲ್ವರು ಹೆಗಲು ಕೊಟ್ಟು ನಡೆಯುವಷ್ಟು ಅಗಲ ಬಿಡಿ ಎಂದು ಅವರಿಗೆ ಹೇಳಬೇಕು, ಹೋಗುತ್ತೇನೆ.

ರಾಧಾ