ಫೋಟೋದಲ್ಲಿ ಬಾರದ ಕೈಗಳು

ಅಮೃತಹಳ್ಳಿ
೧೭ ಜುಲೈ ೨೦೧೬, ಭಾನುವಾರ

ಪ್ರೀತಿಯ ಅಕ್ಬರಿ ಆಂಟಿ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ನಿಮ್ಮ ಅನೀಸಾ ಎಲ್ಲ ಹೇಳಿದ್ದಾಳೆ. ಈದ್ ಮುಗಿದು ಇಷ್ಟು ದಿನದ ಮೇಲೆ ಮುಬಾರಕ್ ಹೇಳುತ್ತಿದ್ದೇನೆ, ಬೈದುಕೊಳ್ಳಬೇಡಿ. ನೀವು ಕಳಿಸಿದ ಶೀರ್ ಖುರ್ಮಾ ಪಾಯಸದ ಡಬ್ಬಿಯನ್ನು ಅಂದೇ ತೊಳೆದಿಟ್ಟೆವು. ಖಾಲಿ ಡಬ್ಬಿ ವಾಪಸ್ ಕೊಡಬಾರದಂತೆ. ಅದರಲ್ಲಿ ಏನು ತುಂಬಿಸುವುದೆಂದು ಅಮ್ಮ ಒಂದು ವಾರ ಯೋಚಿಸಿದಳು. ಈ ಕಾಗದವನ್ನು ಹೇಗೆ ಶುರುಮಾಡುವುದೆಂದು ನಾನು ಯೋಚಿಸಿದೆ. ಕೊನೆಗೆ ಅಮ್ಮ ಕೊಬ್ಬರಿ ಮಿಠಾಯಿ ಮಾಡಿದ್ದಾಳೆ, ನಾನು ಹೀಗೆ ಶುರುಮಾಡಿದ್ದೇನೆ. ಎರಡನ್ನೂ ಅನೀಸಾ ತರುತ್ತಾಳೆ.

ನೀವು ನಮ್ಮ ವಾಟ್ಸಾಪ್ ಗ್ರೂಪ್ ಬಿಟ್ಟಿರಿ, ಆಮೇಲೆ ಫೋನನ್ನೂ ಆರಿಸಿಟ್ಟಿರಿ. ಫೋನ್ ಇದ್ದಿದ್ದರೂ ನಾನು ಮಾತಾಡುತ್ತಿದ್ದೆ ಎಂದಲ್ಲ. ‘ಹಲೋ’ ದಾಟಿ ನಾನು ಮುಂದೆ ಹೋದವಳಲ್ಲ, ನಿಮಗೆ ಗೊತ್ತು. ಸಾಹಿತ್ಯ ಓದಿದವಳು ಫೋನಿನಲ್ಲಿ ಮಾತು ಬಾರದೆ ಕೂತಿದ್ದಕ್ಕೆ ನೀವು ಎಷ್ಟು ನಕ್ಕಿದ್ದೀರಿ!

ನಿಮ್ಮ ಮೂಳೆ ಇನ್ನೂ ಕೂಡಿಲ್ಲವಂತೆ. ಸೊಂಟದಿಂದ ಚೂರು ಮೂಳೆ ತೆಗೆದು ಕಾಲಿಗೆ ತುಂಬಬೇಕು, ಈ ತಿಂಗಳೇ ಆಗಬೇಕು, ತಡವಾದರೆ ಕಾಲು ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ನೀವು ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದ್ದೀರಂತೆ. ‘ಆ ಬಚ್ಚೀದು ಕಾಲು ನಾನು ಹಾಳ್ ಮಾಡ್ದೆ, ಈಗ ನಂದು ಸರಿ ಮಾಡ್ಕೊಂಡು ಎಲ್ಲಿಗೆ ನಡೀಲಿ?’ ಎಂದಿರಂತೆ. ನನ್ನ ಕಾಲನ್ನು ನೆಪ ಮಾಡಿಕೊಂಡು ನಿಮ್ಮ ಕಾಲನ್ನು ಕಳೆದುಕೊಳ್ಳಲು ನಾನು ಬಿಡುವುದಿಲ್ಲ. ಅಷ್ಟು ಹೇಳುವುದಕ್ಕೇ ಈ ಕಾಗದ.

ಕಳೆದ ವರ್ಷ ಬಾಗಲೂರಿನ ಶಾಲೆಯಲ್ಲಿ ಕನ್ನಡ ಟೀಚರಾಗಿ ಸೇರಿದ ಹೊಸತು. ರಸ್ತೆ ದಾಟುವಾಗ ಟೆಂಪೋದ ಚಕ್ರ ನನ್ನ ಮೊಣಕಾಲ ಕೆಳಗೆ ಹತ್ತಿ ಇಳಿಯಿತು. ಆಸ್ಪತ್ರೆಯಿಂದ ಬರುವಾಗ ಕಾಲಿನ ಸುತ್ತ ಉಕ್ಕಿನ ಬಳೆಗಳಿದ್ದವು, ಬಳೆಗಳಿಂದ ಹೊರಟ ತಂತಿಗಳು ಚರ್ಮ ತೂರಿ ಮೂಳೆ ದಾಟಿ ಆಚೆ ಬಂದಿದ್ದವು. ನೋಡಲು ಬಂದವರೆಲ್ಲ ಕಾಫಿ ಕುಡಿಯದೆ ಎದ್ದು ಹೋಗುತ್ತಿದ್ದರು. ಆಗ ಯಾರೋ ನನ್ನನ್ನು ವಾಟ್ಸಾಪಿನ ‘ಉಕ್ಕಿನ ಬಳೆ’ ಗ್ರೂಪಿಗೆ ಸೇರಿಸಿದರು. ಅಲ್ಲಿರುವವರೆಲ್ಲ ಅದೇ ಬಳೆ ತೊಟ್ಟವರು. ಯಾರೂ ಯಾರ ಮುಖವನ್ನೂ ಎದುರಿಗೆ ಕಂಡವರಲ್ಲ. ‘ಇದರ ಮೇಲೆ ಏನು ಉಡುವುದು?’ ಎಂಬುದೇ ನಾನು ಹಾಕಿದ ಮೊದಲ ಪ್ರಶ್ನೆ. ಉಳಿದವರು ಧೈರ್ಯ ಹೇಳಿದರು. ನೀವು ಅಳತೆ ಕೇಳಿದಿರಿ.

ಪಕ್ಕದ ಹೊಲಿಗೆ ಬಿಚ್ಚಿ ಉದ್ದಕ್ಕೂ ಲಾಡಿ ಕಟ್ಟಿದ ಆ ಸಲ್ವಾರ್ ಕೊರಿಯರಿನಲ್ಲಿ ಬಂದ ದಿನ ನಾನು ಮೊದಲ ಬಾರಿ ಬಾಗಿಲ ತನಕ ಹೋದೆ. ಅದುವರೆಗೆ ಅಮ್ಮನ ನೈಟಿಯಲ್ಲಿ ಹೆಣದ ಹಾಗೆ ಬಿದ್ದಿದ್ದೆ. ಆರ್.ಟಿ. ನಗರದಲ್ಲಿ ಕಾಲು ಚಾಚಿಕೊಂಡು, ಮಿಷನ್ನಿನ ಪೆಡಲನ್ನು ಒಂದೇ ಕಾಲಲ್ಲಿ ತುಳಿಯುತ್ತಾ ನೀವು ಗ್ರೂಪಿನ ಎಲ್ಲರಿಗೂ ಹೊಲಿದು ಕೊಟ್ಟಿರಿ.

ನಮ್ಮ ಗ್ರೂಪಿನ ರೂಢಿ ಇತ್ತಲ್ಲ, ಭಾನುವಾರ ಎಲ್ಲರೂ ನಿಂತಿರುವ ಫೋಟೋ ಹಾಕಬೇಕು, ಅಳುವುದು ಕೂಡದು. ಯಶವಂತಪುರ ಯಾರ್ಡಿನ ಈರುಳ್ಳಿ ವ್ಯಾಪಾರಿ, ನಮ್ಮ ಅಡ್ಮಿನ್ ನಂದಕುಮಾರ್ ಮಾಡಿದ ಕಾನೂನು. ‘ಅಳೋದಿದ್ರೆ ನನ್ ಅಂಗಡಿಗ್ ಬನ್ರಪ್ಪಾ, ಈರುಳ್ಳಿ ಹೆಚ್ಕೊಂಡ್ ಅಳಿ, ಗ್ರೂಪಲ್ಲಿ ಬೇಡ’ ಎನ್ನುತ್ತಿದ್ದರು. ನೀವು ನಿಮ್ಮ ಹೊಲಿಗೆ ಅಂಗಡಿಯ ಪರದೆಯ ಮುಂದೆ, ವಾಕರ್ ಇಲ್ಲದೆ, ಎರಡೂ ಕೈಗಳಲ್ಲಿ ಅಳತೆ ಟೇಪನ್ನು ತಲೆಯ ಮೇಲೆ ಹಿಡಿದು ನಗುತ್ತಾ ನಿಂತ ಫೋಟೋ ಬಂದದ್ದು ಮೇ ತಿಂಗಳಲ್ಲಿ. ವಯಸ್ಸಿನಲ್ಲಿ ನೀವು ನನಗಿಂತ ಎಷ್ಟೋ ಹಿರಿಯರು, ನಿಮ್ಮ ಮೂಳೆಯೂ ನನ್ನದಕ್ಕಿಂತ ನಿಧಾನವಾಗಿ ಕೂಡುತ್ತಿತ್ತು. ಅದನ್ನೇ ನೋಡುತ್ತಾ ಕೂತೆ. ಆಂಟಿ ನಿಂತರೆ ನಾನೇಕೆ ನಿಲ್ಲಬಾರದು? ಅಡಿಗೆಮನೆಯಲ್ಲಿ ವಾಕರನ್ನು ಪಕ್ಕಕ್ಕೆ ಸರಿಸಿ ಎರಡೂ ಕೈ ಎತ್ತಿದೆ. ಒಂದು ಉಸಿರಿನಷ್ಟು ಹೊತ್ತು ನಿಂತೆ ಕೂಡ. ಆಮೇಲೆ ಗ್ರೈಂಡರ್ ಮೇಲೆ ಬಿದ್ದೆ.

ತಂತಿಯೊಂದು ಬಾಗಿತು, ಕೀವಾಯಿತು, ಮತ್ತೆ ಆಸ್ಪತ್ರೆ. ಅಮ್ಮ ಮಂಚದ ಪಕ್ಕ ಕೂತು ಇಡೀ ವಾರ್ಡಿಗೆ ಕೇಳುವ ಹಾಗೆ ಬೈದಳು: ‘ಮುಖ ನೋಡ್ದಿರೋರು ಯಾರೋ ನಿಂತ್ರು ಅಂತ ವಾಕರ್ ಬಿಟ್ಟೆಯಾ? ನಾಳೆ ಅವರು ಹೆಬ್ಬಾಳದ್ ಕೆರೆಗ್ ಹಾರಿದ್ರೆ ನೀನೂ ಹಾರ್ತೀಯೇನೇ?’ ಯಾರೋ ಆ ಸುದ್ದಿಯನ್ನು ಗ್ರೂಪಿಗೆ ಹಾಕಿದರು. ನಾನು ಮತ್ತೆ ಫೋನ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ನೀವು ಗ್ರೂಪ್ ಬಿಟ್ಟಾಗಿತ್ತು.

ಈದ್‌ನ ಮರುದಿನ ನಿಮ್ಮ ಅಣ್ಣನ ಮಗಳು ಅನೀಸಾ ಡಬ್ಬಿ, ಹೊಸ ಸಲ್ವಾರ್ ಹಿಡಿದು ನಮ್ಮ ಗೇಟಿನ ಹೊರಗೆ ನಿಂತಿದ್ದಳು. ಒಳಗೆ ಬರಲು ಹೆದರಿಕೆ ಅವಳಿಗೆ. ಅಮ್ಮ ಕೈಹಿಡಿದು ಕರೆತಂದು ಕೂರಿಸಿದ ಮೇಲೆ ಅಳುತ್ತಾ ಹೇಳಿದಳು: ‘ಆ ಫೋಟೋ ತೆಗ್ದಿದ್ದು ನಾನೇ ಅಕ್ಕಾ. ಪರದೆ ಹಿಂದೆ ಅಮ್ಮಿ ಇದ್ರು, ಫುಪ್ಪೂದು, ಅಂದ್ರೆ ಅತ್ತೇದು, ಸೊಂಟ ಗಟ್ಟಿಯಾಗ್ ಹಿಡ್ಕೊಂಡು. ಅಮ್ಮಿ ಕೈ ಕಾಣ್ತಿತ್ತು. ನಾನೇ ಕತ್ತರಿಸ್ದೆ ಫೋನಲ್ಲಿ.’

ಅಮ್ಮ ಸಲ್ವಾರನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡಿದಳು, ಲಾಡಿ ಎಳೆದು ನೋಡಿದಳು. ‘ಕೈ ಚೆನ್ನಾಗಿದೆ ಆಕೆದು. ಬುದ್ಧೀನೇ ಸ್ವಲ್ಪ ಕಡ್ಮೆ’ ಎಂದಳು. ನಮ್ಮಮ್ಮ ಕ್ಷಮಿಸುವುದು ಹಾಗೆಯೇ, ಆಂಟಿ.

ಅನೀಸಾ ಹೋದ ಮೇಲೆ ನನ್ನ ಹಳೆಯ ಭಾನುವಾರಗಳ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲೂ ಅಮ್ಮ ಇಲ್ಲ. ಅವಳು ಹಿಡಿಯದೆ ನಾನು ನಿಂತ ಫೋಟೋ ಒಂದೂ ಇಲ್ಲ. ಎಲ್ಲವನ್ನೂ ಕತ್ತರಿಸಿಯೇ ಹಾಕಿದ್ದೆ! ಆ ಭಾನುವಾರ ಅಮ್ಮನನ್ನು ಕರೆದು, ಈ ಸಲ ನಿನ್ನನ್ನೂ ಸೇರಿಸಿ ಹಾಕುತ್ತೇನೆ ಎಂದೆ. ‘ಈ ಮಾಸಿದ್ ನೈಟೀಲಾ? ತಡಿ, ಸೀರೆ ಉಟ್ಕೊಂಡ್ ಬರ್ತೀನಿ’ ಎಂದು ಒಳಗೆ ಹೋದಳು. ಪಕ್ಕದ ಮನೆಯವರು ಫೋಟೋ ತೆಗೆದರು. ವಾಕರ್, ಕೀವಿನ ಬ್ಯಾಂಡೇಜು, ರೇಷ್ಮೆ ಸೀರೆಯ ಅಮ್ಮ, ನನ್ನ ತೋಳಿನ ಕೆಳಗೆ ಅವಳ ಕೈ, ಎಲ್ಲವೂ ಬಂತು. ಹಾಗೇ ಹಾಕಿದೆ. ಕೆಳಗೆ ‘ಇವತ್ತು ತುಂಬಾ ನೋವು’ ಎಂದು ಬರೆದೆ.

ಗ್ರೂಪಿನ ಕಾನೂನು ಮುರಿದಿದ್ದೆನಲ್ಲ. ಆಮೇಲೆ ನಂದಕುಮಾರ್ ಧ್ವನಿ ಬಂತು: ‘ಪದ್ಮಶ್ರೀ ಅವ್ರೇ, ಒಂದ್ ವಿಷ್ಯ ಹೇಳ್ಬಿಡ್ತೀನಿ. ಯುಗಾದಿ ಫೋಟೋದಲ್ಲಿ ಹೀರೋ ಥರ ನಿಂತಿದ್ನಲ್ಲಾ, ಹಿಂದೆ ಮೂಟೆ ಕಟ್ಟಿ ಒರಗಿಸಿದ್ರು ಗುರು. ನನ್ ಹೆಂಡ್ತಿ ಕೆಳಗ್ ಕೂತು ಪಂಚೆ ಹಿಡ್ಕೊಂಡಿದ್ಲು. ಬಿಟ್ಟಿದ್ರೆ ನಾನೂ ಹೋಗ್ತಿದ್ದೆ, ಮಾನಾನೂ ಹೋಗ್ತಿತ್ತು.’ ಬಾಗಲೂರಿನ ಮುನಿಯಲ್ಲಮ್ಮನವರು ಸೊಸೆಯ ಫೋನಿನಿಂದ, ‘ಅಯ್ಯೋ ನಂದೂ ಇಂಗೇ ಕಣವ್ವ, ಎಮ್ಮೆ ಗೂಟ ಇಡ್ಕಂಡ್ ನಿಂತಿದ್ದೆ, ಗೂಟ ಕಾಣ್ದಂಗ್ ಫೋಟೋ ತಗಿ ಅಂದಿದ್ದೆ’ ಎಂದರು. ಸಂಜೆಯವರೆಗೂ ಒಬ್ಬೊಬ್ಬರೇ ಬಂದು ತಮ್ಮ ಗೋಡೆ, ತಮ್ಮ ಕಿಟಕಿ ಸರಳು, ತಮ್ಮ ಗಂಡ, ತಮ್ಮ ಅತ್ತೆ ಎಂದು ಹೇಳಿಕೊಂಡರು. ನಕ್ಕು ನಕ್ಕು ನನ್ನ ತಂತಿಗಳೆಲ್ಲ ನೋಯತೊಡಗಿದವು. ಅವರಲ್ಲಿ ನೀವೊಬ್ಬರೇ ಇರಲಿಲ್ಲ.

ಈಗ ನಾನು ಅಮ್ಮನ ಕೈ ಹಿಡಿದು ಬೀದಿಯ ತಿರುವಿನ ಬೇಕರಿಯ ತನಕ ಹೋಗುತ್ತೇನೆ. ತಡವಾಗಿದೆ, ಆದರೆ ಮೂಳೆ ಬೆಳೆಯುತ್ತಿದೆ. ಎಕ್ಸ್‌ರೇಯಲ್ಲಿ ಹೊಗೆಯ ಹಾಗೆ ಕಾಣುತ್ತದೆ. ಶಾಲೆಯವರು ಬೇರೆ ಟೀಚರನ್ನು ತೆಗೆದುಕೊಂಡರು. ತೆಗೆದುಕೊಳ್ಳಲಿ. ಬಳೆ ಬಿಚ್ಚಿದ ಮೇಲೆ ಬೇರೆ ಶಾಲೆ ಹುಡುಕುತ್ತೇನೆ. ಕುಂಟಿದರೆ ಕುಂಟುತ್ತಲೇ ಪಾಠ ಮಾಡುತ್ತೇನೆ. ಮಕ್ಕಳು ಅಡ್ಡಹೆಸರು ಇಡುತ್ತಾರೆ, ಇಡಲಿ.

ಬರುವ ಗುರುವಾರ ಬೆಳಿಗ್ಗೆ ಅಮ್ಮನೂ ನಾನೂ ಆಟೋದಲ್ಲಿ ಆರ್.ಟಿ. ನಗರಕ್ಕೆ ಬರುತ್ತೇವೆ. ನಿಮ್ಮ ಮನೆ ಮಹಡಿ ಮೇಲೆ, ನಾನು ಇನ್ನೂ ಮೆಟ್ಟಿಲು ಹತ್ತಕೂಡದು. ನೀವೇ ಇಳಿಯಬೇಕು. ಅನೀಸಾ ಒಂದು ಕಡೆ, ಅವಳ ಅಮ್ಮ ಒಂದು ಕಡೆ ಇರಲಿ. ನಿಂತು ಆಗದಿದ್ದರೆ ‘ಕುಂಡಿ ಊರ್ಕಂಡ್ ಒಂದೊಂದೇ ಮೆಟ್ಲು ಇಳೀಲಿ, ಯಾರ್ ನೋಡಿದ್ರೆ ಏನಂತೆ’ ಎಂದು ಮುನಿಯಲ್ಲಮ್ಮನವರು ಹೇಳಿಕಳಿಸಿದ್ದಾರೆ. ಕೆಳಗೆ ಬಂದರೆ ಅದೇ ಆಟೋದಲ್ಲಿ ಡಾಕ್ಟರ ಹತ್ತಿರ ಹೋಗಿ ಆಪರೇಷನ್ನಿಗೆ ದಿನ ಗೊತ್ತುಮಾಡಿ ಬರೋಣ. ಬರದಿದ್ದರೆ ನಾನು ಕೆಳಗಿನ ಬಾಗಿಲಲ್ಲೇ ಕೂತಿರುತ್ತೇನೆ. ಕೂರುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ವರ್ಷದಿಂದ ಅದನ್ನೇ ಮಾಡಿದ್ದೇನೆ.

ನಿಮ್ಮ ಅತ್ತಿಗೆಯವರಿಗೆ ನನ್ನ ನಮಸ್ಕಾರ. ಅನೀಸಾಳ ತಲೆ ಸವರಿ, ಅವಳನ್ನು ಬೈಯಬೇಡಿ. ನಿಮ್ಮ ದೇವರೂ ನಮ್ಮ ಬ್ಯಾಟರಾಯನೂ ಒಟ್ಟಿಗೆ ಸೇರಿ ನಿಮ್ಮ ಮೂಳೆಯನ್ನು ಕೂಡಿಸಲಿ.

ನಿಮ್ಮ
ಪದ್ಮಶ್ರೀ

ಮರು ಬರಹ: ಇದನ್ನು ಬೇಕೆಂದೇ ಕೊನೆಗೆ ಇಟ್ಟೆ. ಫೋಟೋ ನೋಡಿದವಳೇ ನಾನು ವಾಕರ್ ಬಿಡಲಿಲ್ಲ, ಆಂಟಿ. ಮೊದಲು ನಿಮಗೊಬ್ಬರಿಗೇ ಬರೆದು ಕೇಳಿದೆ: ‘ನಿಜವಾಗ್ಲೂ ಯಾರೂ ಹಿಡ್ಕೊಂಡಿಲ್ವಾ? ಗ್ರೂಪಿಗೆ ಬೇಡ, ನನಗೆ ಮಾತ್ರ ಹೇಳಿ.’ ‘ಯಾರೂ ಇಲ್ಲ ಬೇಟಾ, ನೀನೂ ನಿಲ್ತೀಯ’ ಎಂದು ಬರೆದಿರಿ. ಗ್ರೂಪಿಗೆ ನಾವೆಲ್ಲ ಸುಳ್ಳು ಹೇಳಿದ್ದೇವೆ, ಅದನ್ನು ನಕ್ಕು ಮರೆತೆ. ಆದರೆ ಒಬ್ಬರನ್ನು ಬೇರೆಯಾಗಿ ಕರೆದು ಏನನ್ನಾದರೂ ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಆ ಉತ್ತರವನ್ನು ಅಮ್ಮನಿಗೆ ತೋರಿಸಿಲ್ಲ, ಅನೀಸಾಗೂ ಹೇಳಿಲ್ಲ, ಅಳಿಸಿಹಾಕಲೂ ಆಗಿಲ್ಲ. ಗುರುವಾರ ಅದಕ್ಕೆ ಕ್ಷಮೆ ಕೇಳಬೇಡಿ. ಆಟೋದಲ್ಲಿ ನನ್ನ ಪಕ್ಕ ಕೂತು, ಇಳಿಯುವಾಗ ಯಾವ ಯಾವ ಮೆಟ್ಟಿಲಲ್ಲಿ ಎಷ್ಟು ನೋವಾಯಿತು ಎಂದು ಹೇಳಿ, ಒಂದನ್ನೂ ಬಿಡದೆ.