ಪಾಸಾದವರಿಗೆ ಸ್ನಾನವಿಲ್ಲ

೧೨ ಮಾರ್ಚ್ ೨೦೦೬, ಭಾನುವಾರ. ಕೆಲ್ಲಿವಿಲ್, ಪರದೇಶದ ಮಗಳ ಮನೆ

ಧಾರವಾಡದ ಕಾಲೇಜಿನ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ, ಎಪ್ಪತ್ತೊಂದು ವರ್ಷದ ಗುರುಬಸವನಾದ ನಾನು ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ — ಇಂದು ಮಧ್ಯಾಹ್ನ ಮೂರಕ್ಕೆ, ಆಸ್ಪತ್ರೆಯವರು ಎರವಲು ಕೊಟ್ಟ ಊರುಗೋಲೊಂದನ್ನು ವಾಷಿಂಗ್ ಮಷೀನಿನ ಹಿಂದೆ ಬಚ್ಚಿಟ್ಟೆ. ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಯನ್ನು ಗರಾಜಿಗೆ ಗಡೀಪಾರು ಮಾಡಿ ಬೆಡ್‌ಶೀಟ್ ಹೊದಿಸಿದೆ. ಪಶ್ಚಾತ್ತಾಪ ಇಲ್ಲ.

ಕಾರಣ: ನಾಳೆ ಸರ್ಕಾರದ ನರ್ಸ್ ಬರುತ್ತಾಳೆ. ಅಸೆಸ್‌ಮೆಂಟ್. ನನ್ನ ಹೆಂಡತಿ ವಸಂತಾಳ ಭುಜ ನೋವು ನೋಡಿ, ಈ ಮನೆಗೆ ಸ್ನಾನದ ಸಹಾಯ ಬೇಕೋ ಬೇಡವೋ ಬರೆಯುತ್ತಾಳೆ. ಬೇಕೆಂದು ಬರೆದರೆ ವಾರಕ್ಕೆರಡು ಸಲ ಜನ ಮನೆಗೇ ಬಂದು ಎರೆಯುತ್ತಾರಂತೆ. ಖರ್ಚು ಸರ್ಕಾರದ್ದು, ಸಂಕೋಚ ನಮ್ಮದು.

ಮಗಳು ಸಂಧ್ಯಾರಾಣಿ ಹೇಳಿಯೇ ಹೇಳಿದಳು. “ಮನಿ ಹೆಂಗೈತಿ ಹಂಗ ಇರ್ಲಿ ಅಪ್ಪಾ. ಅವರು ಮನಿ ನೋಡಾಕ ಬರೂದಲ್ಲ, ತ್ರಾಸ ನೋಡಾಕ ಬರ್ತಾರ.”

ಮನೆಗೆ ಬಂದವರಿಗೆ ಯಾರಾದರೂ ತ್ರಾಸ ತೋರಿಸುತ್ತಾರೆಯೇ? ಚೂಡಾ ತೋರಿಸುತ್ತಾರೆ.

೧೩ ಮಾರ್ಚ್, ಸೋಮವಾರ

ನರ್ಸ್ ಜಾನೆಟ್ ಬಂದಳು, ಫೈಲು ಸಮೇತ. ವಸಂತಾ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಟ್ರೇ — ಚಹಾ, ಅವಲಕ್ಕಿ ಚೂಡಾ. ಕಪ್ಪುಗಳು ಸ್ವಲ್ಪ ಕಿಣಿಕಿಣಿ ಅಂದವು. ಮುಖ ಮಾತ್ರ ಅಲುಗಲಿಲ್ಲ.

ತಕ್ಷಣ ೧೯೬೩. ಧಾರವಾಡ, ಲೈನ್ ಬಜಾರದ ವಸಂತಾಳ ತವರುಮನೆ. ಕನ್ಯೆ ನೋಡಲು ಹೋಗಿದ್ದೆ. ಇದೇ ಚೂಡಾ, ಇದೇ ಕಿಣಿಕಿಣಿ. ನನ್ನ ಸೋದರತ್ತೆ ಅವಳನ್ನು ನಡೆಸಿದಳು, ಸೂಜಿಗೆ ದಾರ ಪೋಣಿಸಲು ಹೇಳಿದಳು, ಪತ್ರಿಕೆ ಓದಿಸಿದಳು. ಇಂದು ಜಾನೆಟ್ಟೂ ನಡೆಸಿದಳು, ಕೈ ಎತ್ತಿಸಿದಳು, ಇವತ್ತು ಯಾವ ವಾರ ಎಂದು ಕೇಳಿದಳು. ನಲವತ್ತಮೂರು ವರ್ಷದಲ್ಲಿ ಪ್ರಶ್ನಪತ್ರಿಕೆ ಬದಲಾಗಿಲ್ಲ. ಕೈ ಎತ್ತುವಾಗ ವಸಂತಾ ತುಟಿ ಕಚ್ಚಿದ್ದು ನಾನು ನೋಡಿದೆ. ಜಾನೆಟ್ ಬರೆಯುತ್ತಿದ್ದಳು.

“ಸ್ನಾನಕ್ಕೆ ಯಾರು ನೆರವಾಗುತ್ತಾರೆ?”

ನಾನೇ ಉತ್ತರಿಸಿದೆ, ಒಳ್ಳೆಯ ಇಂಗ್ಲಿಷಿನಲ್ಲಿ. ಈ ಮನೆಯ ಬಚ್ಚಲಿಗೆ ಪರರ ಕೈ ಈವರೆಗೆ ಬೇಕಾಗಿಲ್ಲ. ಇವಳ ತಲೆಗೆ ನಾನೇ ಎರೆಯುತ್ತೇನೆ — ಸೀಗೇಪುಡಿ ಹಚ್ಚಿ, ಜಡೆ ಹಾಕುವವರೆಗೆ!

ಜಾನೆಟ್ಟಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ವಸಂತಾ ನನ್ನನ್ನೇ ನೋಡಿದಳು. ಕಾರು ಹೋದ ಮೇಲೆ ಅಂದಳು: “ಪಾಸಾದ್ವಿ ಅಂತ ಹಿಗ್ಗಬ್ಯಾಡ್ರಿ. ಇಲ್ಲೆ ಫೇಲಾದೋರಿಗಷ್ಟ ಕೊಡ್ತಾರ.”

೪ ಏಪ್ರಿಲ್

ಪತ್ರ ಬಂತು. ದಂಪತಿ ಚೆನ್ನಾಗಿ ನಿಭಾಯಿಸುತ್ತಿದ್ದಾರೆ, ಸದ್ಯಕ್ಕೆ ಸೇವೆಯ ಅಗತ್ಯ ಕಾಣುವುದಿಲ್ಲ. ಡಿಸ್ಟಿಂಕ್ಷನ್!

ಸಂಧ್ಯಾ ಪತ್ರ ಓದಿ ಫ್ರಿಜ್ಜಿನ ಮೇಲೆ ಅಂಟಿಸಿದಳು. “ಫ್ರೇಮ್ ಹಾಕಸ್ಲೇನಪ್ಪಾ?” ಬೆಳಿಗ್ಗೆ ಆರಕ್ಕೇ ಡ್ಯೂಟಿಗೆ ಹೋಗುವ ಹುಡುಗಿ. ನಮ್ಮ ಸ್ನಾನವೆಲ್ಲ ಆಮೇಲೆ. ಅವಳಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ…

೯ ಮೇ

ಬಚ್ಚಲಲ್ಲಿ ಬಿಸಿನೀರಿನ ಚೊಂಬು ವಸಂತಾಳ ಕೈಯಿಂದ ಜಾರಿತು. ಯಾರಿಗೂ ಸುಡಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಭುಜ ಹಿಡಿದುಕೊಂಡು. ಅತ್ತಳು. ಊರಿನ ಹಂಡೆ, ಹುಣಸೆಹಣ್ಣು ತಿಕ್ಕಿದ ತಾಮ್ರದ ಹೊಳಪು ನೆನಪಾಗುತ್ತದೆಯೇ ಎಂದು ಕೇಳಿದೆ. ನಗಿಸಲು.

ನಗಲಿಲ್ಲ. ಇನ್ನು ಭಾರ ಎತ್ತಿದರೆ ಆ ಕೈ ಉಳಿಯುವುದಿಲ್ಲ ಎಂದರು ಡಾಕ್ಟರು.

೨೨ ಮೇ, ಸೋಮವಾರ

ಜಾನೆಟ್ ಮತ್ತೆ ಬಂದಳು. ಸಂಧ್ಯಾ ರಜೆ ಹಾಕಿದ್ದಳು. ಊರುಗೋಲು ಬಾಗಿಲ ಬಳಿ, ಕುರ್ಚಿ ಬಚ್ಚಲಲ್ಲಿ, ವಸಂತಾ ಹಳೆಯ ನೈಟಿಯಲ್ಲಿ. ಚೂಡಾ ಇಲ್ಲ. ನನಗೆ ಮಾತಾಡಲು ಅಪ್ಪಣೆ ಇಲ್ಲ.

ಭುಜ ಯಾಕೆ ಹೀಗಾಯಿತು ಎಂದು ಜಾನೆಟ್ ಕೇಳಿದಳು. ವಸಂತಾ ಕನ್ನಡದಲ್ಲಿ ಒಂದೇ ವಾಕ್ಯ ಹೇಳಿದಳು. ಸಂಧ್ಯಾ ಇಂಗ್ಲಿಷಿಗೆ ಮಾಡುವ ಮುನ್ನ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆ ವಾಕ್ಯ ಇಲ್ಲಿ ಬರೆಯಲಾರೆ.

ಜಾನೆಟ್ ಕುರ್ಚಿ ನನ್ನ ಕಡೆ ತಿರುಗಿಸಿಕೊಂಡಳು. ಎದ್ದು ನಡೆಯಿರಿ ಎಂದಳು. ಅಂಗಿಯ ಗುಂಡಿ ಹಾಕಿ ತೋರಿಸಿ ಎಂದಳು. ಸೂಜಿ-ದಾರ ಒಂದು ಕೊಡಲಿಲ್ಲ.

೯ ಜೂನ್

ಸಿಕ್ಕಿತು! ಮಂಗಳವಾರ, ಶುಕ್ರವಾರ. ಸಂಸ್ಥೆ ಆರಿಸುವುದು ನಾವೇ, ಹೊತ್ತು ಆರಿಸುವುದು ನಾವೇ. ಸಂಧ್ಯಾ ಮೂರು ಕಡೆ ಫೋನ್ ಮಾಡಿದಳು. ಕನ್ನಡ ಬಲ್ಲವರು ಇರುವುದು ಒಂದೇ ಕಡೆ. ಅಲ್ಲಿಗೆ ಆಯ್ಕೆ ಮುಗಿಯಿತು.

“ಗಂಡಸು ಕಳಿಸ್ಲೋ ಹೆಂಗಸೋ ಅಂತ ಕೇಳ್ತಾರ.”

“ಹೆಂಗಸು. ನಿಮ್ಮವ್ವಗ ಸಂಕೋಚ,” ಎಂದೆ.

ವಸಂತಾ ಒಳಗಿನಿಂದ ಕೂಗಿದಳು: “ಗಂಡಸು ಅಂತ ಹೇಳ! ನನಗ ಕೈ ಆರಾಮಾದ್ರ ನನ್ನದು ನಾ ಮಾಡ್ಕೋತೀನಿ.”

೧೩ ಜೂನ್, ಮಂಗಳವಾರ. ಬೆಳಿಗ್ಗೆ ೧೧

ಬೊನವೆಂಚರ್ ಬಂದಿದ್ದ. ಹತ್ತಿರದ ಟೂಂಗಾಬಿಯಲ್ಲಿ ಮನೆ, ಮೂಲ ಮಂಗಳೂರಿನವನು. ದಪ್ಪ ಕೈ, ಮೆತ್ತಗಿನ ಮಾತು.

“ಬಿಸಿ ಸಾಕಾ ಅಂಕಲ್? ಮರ್ಯಾದೆಗೆ ಸಾಕು ಹೇಳ್ಬೇಡಿ ಮಾರಾಯ್ರೆ.”

ಮರ್ಯಾದೆಗೇ ಸಾಕು ಎಂದಿದ್ದೆ. ಇನ್ನೂ ಸ್ವಲ್ಪ ಬಿಸಿ ಮಾಡಿಸಿಕೊಂಡೆ.

ಬಾಗಿಲಾಚೆ ವಸಂತಾ ಕುರ್ಚಿ ಹಾಕಿಕೊಂಡು ಕೂತಿದ್ದಳು. “ಕಿವಿ ಹಿಂದ ತಿಕ್ಕಪಾ. ಅಲ್ಲೆ ಬಿಡತಾರ ಅವರು.” ದೀಪಾವಳಿಯ ಬೆಳಗುಗಳಲ್ಲಿ ಹಂಡೆಯ ಪಕ್ಕ ಮಣೆ ಹಾಕಿ ನನಗೆ ಎಣ್ಣೆ ಹಚ್ಚುವಾಗಲೂ ಅವಳು ಕಿವಿಯ ಹಿಂದೆಯೇ ಮೊದಲು ತಿಕ್ಕುತ್ತಿದ್ದುದು. ಬೆನ್ನ ಮೇಲೆ ಬಳೆಗಳು ತಾಕುತ್ತಿದ್ದವು, ತಣ್ಣಗೆ. ಬೊನವೆಂಚರ್‌ಗೆ ಬಳೆ ಇಲ್ಲ. ಆದರೂ ಹಿತವಾಗಿತ್ತು. ನಾಚಿಕೆಯಾಗುವಷ್ಟು.

ಈ ಪುಸ್ತಕ ಓದುವವನು ನಾನೊಬ್ಬನೇ. ಅವನಿಗಾದರೂ ನಿಜ ಹೇಳಬೇಕು. ಆ ಊರುಗೋಲು ನನ್ನದು. ಕುರ್ಚಿಯೂ ನನ್ನದೇ. ಹೋದ ವರ್ಷ ಏಪ್ರಿಲ್‌ನಲ್ಲಿ ಜಾರಿ ಬಿದ್ದಂದಿನಿಂದ, ಹದಿನಾಲ್ಕು ತಿಂಗಳು, ಆ ಭುಜದಿಂದ ನನಗೆ ಎರೆದವಳು ಅವಳು. ಮಾರ್ಚ್ ಹದಿಮೂರರಂದು ಸೀಗೇಪುಡಿ, ಜಡೆ ಎಂದೆಲ್ಲ ಬಡಾಯಿ ಕೊಚ್ಚಿದೆನಲ್ಲ… ನಲವತ್ತಮೂರು ವರ್ಷದಲ್ಲಿ ನಾನು ಒಂದೇ ಒಂದು ಸಲವಾದರೂ ಅವಳ ತಲೆಗೆ —