ಹಸಿವಿನ ಬೆನ್ನಿಗೇ ಹೋದ ನನ್ನ ಗಂಡ

ಬಂದರಿನ ಮುಖ್ಯ ವೈದ್ಯಾಧಿಕಾರಿಗಳೇ,

ನೀವು ಕೊಟ್ಟ ಮಾತ್ರೆ ನನ್ನ ಗಂಡನ ಹಸಿವನ್ನು ತೆಗೆದುಕೊಂಡು ಹೋಯಿತು, ಜೊತೆಗೆ ಗಂಡನನ್ನೂ. ಹಸಿವು ನಿಮ್ಮ ಬಳಿಯೇ ಇರಲಿ, ಅವರನ್ನು ವಾಪಸು ಕೊಡಿ. ನಿಮ್ಮ ಬಾಗಿಲಲ್ಲಿ ನಿಂತು ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅದಕ್ಕೇ ಹೀಗೆ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಅವರು ಕ್ರೇನ್ ಚಾಲಕರು. ತೂಕ ಇಳಿಯದಿದ್ದರೆ ಏಣಿ ಹತ್ತುವಂತಿಲ್ಲ, ಕೆಳಗೆ ಗೋದಾಮಿನಲ್ಲಿ ಕೂರಬೇಕು ಎಂದಿರಿ. ಒಪ್ಪಿದೆವು. ಅವರು ಏದುಸಿರು ಬಿಡುತ್ತ ಅಷ್ಟೆತ್ತರ ಹತ್ತುವುದು ನನಗೂ ಭಯವೇ. ಮಾತ್ರೆ ಮೆದುಳಿನ ರಾಸಾಯನಿಕಗಳ ಮೇಲೆ ಕೆಲಸ ಮಾಡಿ, ಹೊಟ್ಟೆ ತುಂಬಿದೆಯೆಂದು ನಂಬಿಸುತ್ತದೆ ಎಂದು ವಿವರಿಸಿದಿರಿ. ನಂಬಿಸಿತು ನೋಡಿ, ಭೇಷ್! ಆದರೆ ಊಟ ಬೇಕೆನ್ನುವ ಮೆದುಳೇ ಅಲ್ಲವೇ ಹರಟೆ ಬೇಕು, ಹಾಡು ಬೇಕು, ಹೆಂಡತಿ ಬೇಕು ಎನ್ನುವುದೂ? ಒಂದು ‘ಬೇಕು’ ನಂದಿಸುವಾಗ ಉಳಿದವೂ ಮಂಕಾದವೇ ಎಂದು ನೋಡುವುದು ಯಾರ ಕೆಲಸ? ಎಲ್ಲರಿಗೂ ಹೀಗಾಗುವುದಿಲ್ಲವಂತೆ. ನಮ್ಮ ಮನೆಯಲ್ಲಿ ಆಗಿದೆಯಲ್ಲ ಸ್ವಾಮಿ!

ಮೊದಲೆಲ್ಲ ಕೆಲಸದಿಂದ ಬಂದವರೇ ಪಾತ್ರೆಯ ಮುಚ್ಚಳ ಎತ್ತಿ, “ಏನೇ, ಇವತ್ತೂ ಉಪ್ಪು ಮರೆತೆಯಾ?” ಎಂದು ಕೆಣಕುತ್ತಿದ್ದರು. ಈಗ ಕೈಕಾಲು ತೊಳೆದು ಕಿಟಕಿಯ ಬಳಿ ಕೂತುಬಿಡುತ್ತಾರೆ. ಸಿಟ್ಟಿಲ್ಲ, ಅಳುವಿಲ್ಲ. ಕೇಳಿದರೆ, “ಏನೂ ಬೇಡ ಅನ್ಸುತ್ತೆ ಕಣೇ” ಅಷ್ಟೇ. ಮನುಷ್ಯ ಎದುರಿಗೇ ಇದ್ದೂ ಒಬ್ಬಳೇ ತುತ್ತು ನುಂಗುವುದು ಎಂಥ ಕಷ್ಟ, ಗೊತ್ತೇ ನಿಮಗೆ? ಗೋಳು ಹೇಳಿಕೊಳ್ಳಲು ಬಂದರೆ, “ತೂಕ ಚೆನ್ನಾಗಿ ಇಳಿದಿದೆಯಲ್ಲಮ್ಮ, ಇನ್ನೇನು ತೊಂದರೆ?” ಎಂದು ನಕ್ಕಿರಿ. ಸೂಚನಾ ಫಲಕದಲ್ಲಿ ಅವರ ಫೋಟೋ ಹಾಕಿ ಅಭಿನಂದಿಸಿದಿರಿ. ತುಂಬಾ ಸಂತೋಷ.

ಜಗಳವಾದಾಗಲೆಲ್ಲ ನಾನು “ತವರಿಗೆ ಹೋಗ್ತೀನಿ” ಎನ್ನುವುದು, ಅವರು ನನ್ನ ಚಪ್ಪಲಿ ಬಚ್ಚಿಡುವುದು, ಇದು ಮದುವೆಯಾದಾಗಿನಿಂದ ನಡೆದುಬಂದದ್ದು. ಒಮ್ಮೆ ಮಂಚದಡಿ, ಒಮ್ಮೆ ಹಿಟ್ಟಿನ ಡಬ್ಬಿಯ ಹಿಂದೆ. ಮೊನ್ನೆ ಜಗಳವೇ ಇಲ್ಲದೆ, ಕೆಣಕಿ ನೋಡೋಣವೆಂದು ಹಾಗೆಂದೆ. ಅವರು ಎದ್ದರು. ನನ್ನ ಜೀವ ಹಿಗ್ಗಿತು. ಚಪ್ಪಲಿಯನ್ನು ತಂದು ಬಾಗಿಲ ಬಳಿ ಜೋಡಿಸಿಟ್ಟು, “ಹುಷಾರಾಗಿ ಹೋಗು” ಎಂದರು.

ಅವರನ್ನು ಕರೆಸಿ. ತೂಕದ ಯಂತ್ರದ ಮೇಲೆ ನಿಲ್ಲಿಸಲು ಅಲ್ಲ, ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಲು. ಮಾತ್ರೆ ಬದಲಿಸುವುದೋ ನಿಲ್ಲಿಸುವುದೋ ನಿಮ್ಮ ವಿದ್ಯೆಗೆ ಬಿಟ್ಟದ್ದು. ಅಲ್ಲಿಯವರೆಗೆ ಅವರ ಕೆಲಸ ಕಿತ್ತುಕೊಳ್ಳಬೇಡಿ. ಬೇಗ ಮಾಡಿ.

ಇಂತಿ,
ಹೋಗು ಎಂದರೂ ಹೋಗದೆ ಕೂತಿರುವ
ನಿಮ್ಮ ಕ್ರೇನ್ ಚಾಲಕರ ಹೆಂಡತಿ